ಇಪ್ಪತ್ತನಾಲ್ಕು ಹೆಜ್ಜೆ

"ಎಷ್ಟು?" ಎಂದು ಚಾಂಪಿಯನ್ ಕೇಳಿದ.

ನಾನು ಭಾವನ ಪುಸ್ತಕದ ನಕಲು ಹಾಳೆಯನ್ನು ತೊಡೆಗೆ ಒತ್ತಿ ಹಿಡಿದೆ. ಸಮುದ್ರದ ಗಾಳಿ ಅದನ್ನು ಒಂದು ಕ್ಷಣವೂ ನಿಲ್ಲಗೊಡುತ್ತಿರಲಿಲ್ಲ. ಹಣೆಯ ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು.

"ಕೆರೆ ದಾಟಿ ಗ್ರೀನಿನ ಮುಂದಿನ ಅಂಚಿಗೆ ನೂರ ಐವತ್ತೆರಡು ಗಜ ಸರ್. ಅಂಚಿನಿಂದ ಗುಳಿಗೆ ಇಪ್ಪತ್ತನಾಲ್ಕು ಹೆಜ್ಜೆ."

"ಅಷ್ಟೊಂದು ಹಿಂದಕ್ಕಾ? ಸಾಯೋ ದಿನಾನೂ ಮೇಷ್ಟ್ರಿಗೆ ನಮ್ಮ ಮೇಲೆ ಕನಿಕರ ಬರ್ಲಿಲ್ಲ ನೋಡಿ."

ಮೇಷ್ಟ್ರು ಎಂದರೆ ಹುಲ್ಲಿನ ಮೇಷ್ಟ್ರು. ಈ ಗಾಲ್ಫ್ ಮೈದಾನದ ಹುಲ್ಲು, ನೀರು, ಮರಳು ಎಲ್ಲಕ್ಕೂ ಇಪ್ಪತ್ತೆರಡು ವರ್ಷ ಯಜಮಾನರಾಗಿದ್ದವರು. ಮೂರು ದಿನದ ಹಿಂದೆ, ಪಂದ್ಯದ ಕೊನೆಯ ಸುತ್ತಿನ ಬೆಳಗ್ಗೆ, ಪಂಪ್ ಮನೆಯ ತೊಟ್ಟಿಯಲ್ಲಿ ಬೋರಲಾಗಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಬಾಗಿಲ ಬಳಿ ನನ್ನ ಭಾವನ ಕ್ಯಾಡಿ ಟವೆಲ್ ಸಿಕ್ಕಿತು, ಭಾವ ಲಾಕಪ್ಪಿಗೆ ಹೋದರು.

ನಾನು ಪತ್ತೇದಾರನೇ, ಸುಳ್ಳಲ್ಲ. ಆದರೆ ಕಳುವಾದ ಸ್ಕೂಟರು, ಮದುವೆಗೆ ಮುಂಚೆ ಗಂಡಿನ ನಡತೆ, ಇಷ್ಟರಲ್ಲೇ ಕೈಯಾಡಿಸಿಕೊಂಡು ಬಂದವನು. ಅಕ್ಕ ಬಂದು ನನ್ನ ಎರಡೂ ಕೈ ಹಿಡಿದುಕೊಂಡು "ನಿಮ್ಮ ಭಾವನ್ನ ಹೊರಗೆ ತಾ" ಎಂದಾಗ ಆಗದು ಎನ್ನಲು ಬಾಯಿ ಬರಲಿಲ್ಲ. ಭಾವ ಕ್ಯಾಡಿಯಾಗಿ ಹದಿನೆಂಟು ವರ್ಷ ಹೊತ್ತ ಚಾಂಪಿಯನ್ನನ ಕೋಲುಗಳ ಚೀಲವನ್ನು ಇವತ್ತು ನಾನು ಹೆಗಲಿಗೇರಿಸಿದ್ದು ಮೈದಾನದೊಳಗೆ ಕಾಲಿಡಲು ಬೇರೆ ದಾರಿ ಇಲ್ಲದೆ.

ಭಾವನನ್ನು ಹೊರಗೆ ತರಬಲ್ಲದ್ದು ಒಂದೇ ಒಂದು ಇತ್ತು. ಅದು ಈ ಇಪ್ಪತ್ತನಾಲ್ಕು ಎಂಬ ಅಂಕಿ.

ಈ ಕ್ಲಬ್ಬಿನಲ್ಲಿ ಗ್ರೀನಿನ ಮೇಲೆ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಗುಳಿಯ ಜಾಗ ದಿನವೂ ಬದಲಾಗುತ್ತದೆ. ಎಲ್ಲಿದೆ ಎಂದು ಯಾರೂ ಚೀಟಿ ಕೊಡುವುದಿಲ್ಲ. ಕ್ಯಾಡಿಯೇ ನಡೆದುಹೋಗಿ, ಗ್ರೀನಿನ ಮುಂದಿನ ಅಂಚಿನಿಂದ ಹೆಜ್ಜೆ ಎಣಿಸಿ ಬರೆದುಕೊಳ್ಳಬೇಕು. ಬೇರೆಲ್ಲ ಗುಳಿಗಳನ್ನು ಆಳುಗಳು ಹಿಂದಿನ ಸಂಜೆಯೇ ಕೊರೆದಿಡುತ್ತಾರೆ. ಹದಿನೇಳನೆಯದನ್ನು ಮಾತ್ರ ಮೇಷ್ಟ್ರು ಬೆಳಗ್ಗೆ ತಾವೇ ಬಂದು ಕೊರೆಯುತ್ತಿದ್ದರು. ಅದೊಂದು ಅವರ ಹಟ.

ಅವತ್ತು ಆರೂಕಾಲಿಗೆ ಗುಳಿ ಕೊರೆದು ಅವರ ಗಾಡಿ ಹೊರಟ ಸದ್ದನ್ನು ಕಾವಲಿನವನು ಕೇಳಿದ್ದಾನೆ. ಆರೂಮುಕ್ಕಾಲಿಗೆ ಹೆಣ ಸಿಕ್ಕಿತು. ಕೂಡಲೇ ಮೈದಾನಕ್ಕೆ ಬೀಗ ಬಿತ್ತು. ಅಂದರೆ ಹದಿನೇಳರ ಅಂಕಿಯನ್ನು ಯಾರೇ ಬರೆದಿದ್ದರೂ ಆ ಅರ್ಧ ಗಂಟೆಯಲ್ಲಿ ಅಲ್ಲೇ ನಿಂತು ಬರೆದಿರಬೇಕು. ಅಲ್ಲಿಂದ ಪಂಪ್ ಮನೆಗೆ ಜೌಗು ಬಳಸಿ ನಡೆದರೆ ಮುಕ್ಕಾಲು ಗಂಟೆ; ಹಾಗೆ ಬರೆದವನು ಕೊಲೆಯ ಹೊತ್ತಿಗೆ ಪಂಪ್ ಮನೆಯಲ್ಲಿರಲಾರ.

"ಆ ಹೊತ್ತಲ್ಲಿ ನಾನು ಹದಿನೇಳರಲ್ಲಿ ಹೆಜ್ಜೆ ಎಣಿಸ್ತಿದ್ದೆ" ಎಂದು ಭಾವ ಹೇಳಿದ್ದರು. ಪೊಲೀಸರು ಕಿತ್ತುಕೊಂಡ ಪುಸ್ತಕದಲ್ಲಿ ಅಂಕಿ ಇತ್ತು. ನಾಳೆ ಬೆಳಗ್ಗೆ ಹತ್ತಕ್ಕೆ ವಕೀಲರು ಅದನ್ನು ಕೋರ್ಟಿನ ಮುಂದೆ ಇಡುವವರಿದ್ದರು. ಅದು ಗುಳಿಗೆ ಸರಿಹೊಂದುತ್ತದೆ ಎಂದು ನಾನು ಅಳೆದು ಸಾಕ್ಷಿ ಹೇಳಿದರೆ ಮುಗಿಯಿತು.

ಗುಳಿ ಇನ್ನೂ ಅಲ್ಲೇ ಇತ್ತು. ರದ್ದಾದ ಕೊನೆಯ ಸುತ್ತನ್ನು ಇವತ್ತು ಆಡಿಸುವಾಗ, ಮೇಷ್ಟ್ರು ಕೊರೆದ ಕಡೆಯ ಗುಳಿಯನ್ನು ಕದಲಿಸುವುದು ಬೇಡ ಎಂದು ಕಮಿಟಿಯವರು ತೀರ್ಮಾನಿಸಿದ್ದರು.

ಬೆಳಗ್ಗೆ ಉಳಿದ ಕ್ಯಾಡಿಗಳು ಹೋಗಿ ಎಣಿಸಿಕೊಂಡು ಬಂದರು. ನಾನು ಲಾಕಪ್ಪಿನಲ್ಲಿ ಭಾವನ ಎದುರು ಕೂತಿದ್ದೆ. ಓಡೋಡಿ ಬಂದಾಗ ಆಟ ಶುರುವಾಗುವ ಹೊತ್ತು. "ಬಿಡಿ ಪತ್ತೇದಾರ್ರೇ, ನಿಮ್ಮ ಭಾವ ಒಂದು ಹೆಜ್ಜೆ ಆಚೀಚೆ ಬರೆದೋರಲ್ಲ" ಎಂದಿದ್ದ ಚಾಂಪಿಯನ್. ನನಗೂ ಅದೇ ಬೇಕಿತ್ತು. ಭಾವನ ಅಂಕಿ ನಂಬಿ ಹೊಡೆದ ಚೆಂಡು ಗುಳಿಯ ಪಕ್ಕ ಬಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ ಎಂದುಕೊಂಡಿದ್ದೆ.

ಹದಿನಾರು ಹೋಲುಗಳವರೆಗೆ ಪುಸ್ತಕ ಎಲ್ಲೂ ಕೈಕೊಡಲಿಲ್ಲ. ಮೈದಾನವೇ ಮನುಷ್ಯನನ್ನು ಹಣಿಯಲೆಂದು ಮಾಡಿದ ಹಾಗಿತ್ತು. ನಾಲ್ಕನೆಯದರಲ್ಲಿ ತಾಳೆಮರಗಳ ನಡುವೆ ಒಂದು ಬಾಗಿಲಷ್ಟು ಸಂದು, ಅದರೊಳಗಿಂದಲೇ ಚೆಂಡು ಹೋಗಬೇಕು. ಒಂಬತ್ತನೆಯದರಲ್ಲಿ ಮರಳುಗುಂಡಿ ಎಷ್ಟು ಆಳವೆಂದರೆ ಇಳಿಯಲು ಮೆಟ್ಟಿಲು. ಹನ್ನೆರಡನೆಯದರ ಕೆರೆದಂಡೆಯಲ್ಲಿ ಮಾರುದ್ದದ ಉಡ ಬಿಸಿಲು ಕಾಯಿಸುತ್ತಾ ಮಲಗಿತ್ತು. ನಾವು ಸುತ್ತಿಕೊಂಡು ಹೋಗಬೇಕಾಯಿತು. ಗಾಳಿಯಲ್ಲಿ ನೀರು ಎಷ್ಟಿತ್ತೆಂದರೆ ಅಂಗಿ ಹಿಂಡಿದರೆ ಲೋಟ ತುಂಬುತ್ತಿತ್ತು. ಚಾಂಪಿಯನ್ ಪ್ರತಿ ಹೊಡೆತಕ್ಕೂ ಹೊಸ ಗ್ಲೌಸು ಹಾಕುತ್ತಿದ್ದ. ಒದ್ದೆಯಾದವನ್ನು ಕೊಡೆಯ ಕಡ್ಡಿಗಳಿಗೆ ಸಿಕ್ಕಿಸಿಕೊಂಡು ನಾನು ಬಟ್ಟೆ ಒಣಗಿಸುವವನಂತೆ ನಡೆಯುತ್ತಿದ್ದೆ.

ಆತ ಚಾಂಪಿಯನ್ ಆದದ್ದು ಹನ್ನೊಂದು ವರ್ಷದ ಹಿಂದೆ, ಒಂದೇ ಸಲ. ಹೆಸರು ಮಾತ್ರ ಉಳಿದುಕೊಂಡಿತ್ತು. ಇವತ್ತು ಎರಡು ಹೋಲು ಬಾಕಿ ಇರುವಾಗ ಒಂದು ಹೊಡೆತದಿಂದ ಮುಂದಿದ್ದ.

"ಆರನೇ ನಂಬರ್ ಐರನ್ ಕೊಡಿ" ಎಂದ.

ಹದಿನೇಳನೆಯದರಲ್ಲಿ ಹೊಡೆಯುವ ಜಾಗ ತಗ್ಗಿನಲ್ಲಿದೆ, ಗ್ರೀನು ದಿಬ್ಬದ ಮೇಲೆ. ಕೆರೆಯಾಚೆ ಬಾವುಟದ ತುದಿ ಬಿಟ್ಟರೆ ಏನೂ ಕಾಣದು. ಗುಳಿ ಮುಂದಿದೆಯೋ ಹಿಂದಿದೆಯೋ ಎಂದು ಯಾವ ಕಣ್ಣೂ ಹೇಳಲಾರದು. ಪುಸ್ತಕವನ್ನೇ ನಂಬಬೇಕು.

ಚೆಂಡು ಹೊಡೆದ ಸದ್ದು ಎಷ್ಟು ಚೊಕ್ಕವಾಗಿತ್ತೆಂದರೆ ಹಗ್ಗದಾಚೆಯ ಜನ ಆಗಲೇ ಚಪ್ಪಾಳೆ ತಟ್ಟಿದರು. ಅದು ಬಾವುಟದ ನೇರಕ್ಕೆ ಹೋಯಿತು. ಬಾವುಟದ ಮೇಲೆ ಹಾದು ಇನ್ನೂ ಹೋಯಿತು. ದಿಬ್ಬದ ಹಿಂದೆಲ್ಲೋ ಒಮ್ಮೆ ಪುಟಿದದ್ದು ಕಾಣಿಸಿತು. ಆಮೇಲೆ ಚಪ್ಪಾಳೆ ನಿಂತಿತು.

"ಇಲ್ಲ" ಎಂದ ಚಾಂಪಿಯನ್. "ಇಲ್ಲ, ಸಾಧ್ಯಾನೇ ಇಲ್ಲ."

ಎದುರಾಳಿ ಕಡಿಮೆ ದೂರ ಹೊಡೆಯುವ ಎಂಟನೇ ನಂಬರಿನ ಕೋಲಿನಿಂದ ಮೆಲ್ಲಗೆ ಹೊಡೆದ. ಅದು ಬಾವುಟದ ಬುಡದಲ್ಲಿ ಕೂತಿತು.

ಗ್ರೀನಿನ ಹಿಂದೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಪೊದೆ, ಕೆಸರು. ಚೆಂಡು ಸಿಗಲಿಲ್ಲ. ಹುಡುಕಿ ಬರುವಾಗ ನಾನು ಹಿಂದಿನ ಅಂಚಿನಿಂದ ಗುಳಿಗೆ ಹೆಜ್ಜೆ ಹಾಕಿದೆ. ನನ್ನ ಹೆಜ್ಜೆ ಸರಿಯಾಗಿ ಒಂದು ಗಜ. ಇಪ್ಪತ್ತು. ಗುಳಿಯಿಂದ ಮುಂದಿನ ಅಂಚಿಗೆ ಹತ್ತು.

ಇಪ್ಪತ್ತನಾಲ್ಕು ಎಲ್ಲೂ ಇರಲಿಲ್ಲ.

ಚಾಂಪಿಯನ್ ಆ ಹೋಲನ್ನು ಆರು ಹೊಡೆತಕ್ಕೆ ಮುಗಿಸಿದ. ಮೂರಕ್ಕೆ ಮುಗಿಯಬೇಕಾದ್ದು. ಹದಿನೆಂಟನೆಯದನ್ನು ಆಡಿದ್ದೋ ಬಿಟ್ಟದ್ದೋ ಅವನಿಗೇ ಗೊತ್ತಿರಲಿಲ್ಲ. ಕೊನೆಗೆ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, ಬೈಯಲೂ ಇಲ್ಲ, "ಹದಿನೆಂಟು ವರ್ಷ. ನಿಮ್ಮ ಭಾವ ಒಂದ್ಸಲಾನೂ ತಪ್ಪಿರ್ಲಿಲ್ಲ" ಎಂದ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಜನ ಚದುರಿದ ಮೇಲೆ ನಾನೊಬ್ಬನೇ ಹದಿನೇಳಕ್ಕೆ ವಾಪಸು ಹೋದೆ.

ಭಾವ ನನಗಿಂತ ಎತ್ತರ. ಅವರ ಹೆಜ್ಜೆ ನನ್ನದಕ್ಕಿಂತ ದೊಡ್ಡದು. ಮುಂದಿನಿಂದ ಎಣಿಸಿದ್ದರೆ ಒಂಬತ್ತು ಬರೆಯಬೇಕಿತ್ತು. ಹಿಂದಿನಿಂದ ಎಣಿಸಿದರೂ ಹತ್ತೊಂಬತ್ತು ದಾಟದು. ಇಪ್ಪತ್ತನಾಲ್ಕು ಬರಬೇಕಾದರೆ ಚಿಕ್ಕ ಹೆಜ್ಜೆಯವರು ಹಿಂದಿನ ಅಂಚಿನಿಂದ ಎಣಿಸಿರಬೇಕು.

ಆಡುವವರು ಯಾರೂ ಗ್ರೀನಿಗೆ ಹಿಂದಿನಿಂದ ಬರುವುದಿಲ್ಲ. ಹಿಂದಿನಿಂದ ಬರುವವರು ಕೆಲಸದವರು. ಕಾಂಡ್ಲಾ ಪೊದೆಯ ಪಕ್ಕದಲ್ಲಿ ಅವರ ಕಾಲುದಾರಿ, ಅದರ ಕೊನೆಗೆ ಕಳೆ ಕೀಳುವ ಹೆಂಗಸರ ಶೆಡ್ಡು.

ನನ್ನ ಅಕ್ಕನ ಕೆಲಸವೂ ಅಲ್ಲೇ. ಶಾಲೆಗೆ ಹೋಗುವಾಗ ನಾನು ದಿನವೂ ಒಬ್ಬಳ ಬೆನ್ನ ಹಿಂದೆ ನಡೆದಿದ್ದೇನೆ. ಅವಳ ಚಪ್ಪಲಿ ಗುರುತಿನ ಮೇಲೇ ಕಾಲಿಡುವುದು ನನ್ನ ಆಟವಾಗಿತ್ತು. ಆ ಹೆಜ್ಜೆಯ ಅಳತೆ ನನ್ನ ಕಾಲಿಗೆ ಇವತ್ತಿಗೂ ಗೊತ್ತು.

ಹಿಂದಿನ ಅಂಚಿನಲ್ಲಿ ನಿಂತು ಆ ಹೆಜ್ಜೆ ಹಾಕಿದೆ. ಗುಳಿಯ ಅಂಚಿಗೆ ಕಾಲು ತಾಗಿದಾಗ ಬಾಯಲ್ಲಿ ಇಪ್ಪತ್ತನಾಲ್ಕು ಇತ್ತು.

ನಾನು ಅಲ್ಲೇ ಕುಕ್ಕರುಬಡಿದೆ. ಹಾಗೆ ಕೂತದ್ದರಿಂದಲೇ ಇನ್ನೊಂದು ಕಣ್ಣಿಗೆ ಬಿತ್ತು. ಹಿಂದಿನ ದಿನದ ಗುಳಿಯನ್ನು ಮುಚ್ಚಿದ ಜಾಗ ಪಕ್ಕದಲ್ಲೇ ಇತ್ತು. ಹೊಸ ಗುಳಿಯಿಂದ ಎತ್ತಿದ ಹುಲ್ಲಿನ ಬಿಲ್ಲೆಯನ್ನೇ ಹಳೆಯದಕ್ಕೆ ಕೂರಿಸುತ್ತಾರೆ. ಆ ಬಿಲ್ಲೆಯ ನಟ್ಟನಡುವೆ, ಹುಲ್ಲಿನ ಬುಡದಲ್ಲಿ, ಮಾಸಿದ ಒಂದು ಬಿಳಿ ಬಣ್ಣದ ಚುಕ್ಕೆ.

ಯಾರೋ ಕೊರೆಯುವ ಮೊದಲೇ ಅಲ್ಲಿ ಗುರುತು ಹಾಕಿದ್ದರು.

*

ಶೆಡ್ಡಿನಲ್ಲಿ ಅಕ್ಕ ಒಬ್ಬಳೇ ಇದ್ದಳು. ಉಳಿದ ಹೆಂಗಸರು ಹೋಗಿಯಾಗಿತ್ತು. ಗೋಣಿಬಟ್ಟೆಯ ಮಂಡಿಪಟ್ಟಿಗಳನ್ನು ಬಕೆಟ್ಟಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದಳು. ಗೋಡೆಗೆ ಕಳೆ ಕೀಳುವ ಚೂರಿಗಳನ್ನು ಸಾಲಾಗಿ ಸಿಕ್ಕಿಸಿತ್ತು. ತಗಡಿನ ಮಾಡಿನ ಕೆಳಗೆ ಸೆಕೆ ಬೇಯಿಸುತ್ತಿತ್ತು.

"ಸೋತ್ರಂತೆ ನಿಮ್ಮ ಸಾಹೇಬ್ರು" ಎಂದಳು, ತಲೆ ಎತ್ತದೆ. "ನೀರು ಕುಡಿ. ಮುಖ ನೋಡು ಹೇಗಾಗಿದೆ."

"ಹದಿನೇಳನೇದನ್ನ ಎಣಿಸಿದ್ದು ಭಾವ ಅಲ್ಲ, ನೀನು."

ಅವಳ ಕೈ ನಿಂತಿತು. ಆಮೇಲೆ ಮತ್ತೆ ತೊಳೆಯತೊಡಗಿತು.

"ಯಾರು ಹೇಳಿದ್ರು?"

"ನಿನ್ನ ಹೆಜ್ಜೆ ಹೇಳ್ತು. ಹಿಂದಿನಿಂದ ಎಣಿಸಿದ್ದೀಯ ಅಕ್ಕ. ಬರೆದಿದ್ದು ಭಾವ, ಎಣಿಸಿದ್ದು ನೀನು."

ಅಕ್ಕ ಹಣೆಗೆ ಒದ್ದೆ ಕೈ ಒತ್ತಿಕೊಂಡಳು. "ಅಯ್ಯೋ, ಹಿಂದಿನಿಂದ ಎಣಿಸ್ಬಿಟ್ನಾ?" ಎಂದಳು. ಮಾಡಿದ್ದು ಬಯಲಾಯಿತು ಎಂಬುದಕ್ಕಿಂತ ಎಣಿಕೆ ತಪ್ಪಿತು ಎಂಬುದೇ ಅವಳಿಗೆ ಮೊದಲು ನೋವಾದ ಹಾಗಿತ್ತು. "ಅವರು ಅಷ್ಟು ಹೇಳಿಕೊಟ್ಟಿದ್ರು. ಮುಂದಿನಿಂದ ಎಣಿಸು, ನನ್ನಷ್ಟು ಉದ್ದ ಕಾಲು ಹಾಕು ಅಂತ. ಎಂಟು ತಿಂಗಳಲ್ಲಿ ಒಂದ್ಸಲಾನೂ ತಪ್ಪಿಲ್ಲ ನಾನು."

"ಎಂಟು ತಿಂಗಳು?"

"ಅವರ ಮಂಡಿ ಹೋಗಿದೆ ಕಣೋ. ಆ ದಿಬ್ಬ ದಿನಾ ಎರಡೆರಡು ಸಲ ಹತ್ತೋಕೆ ಆಗಲ್ಲ. ಗೊತ್ತಾದ್ರೆ ಚೀಲ ಬೇರೆಯವರ ಹೆಗಲಿಗೆ ಹೋಗುತ್ತೆ. ಸಂಜೆ ಆಟ ಮುಗಿದ್ಮೇಲೆ ಮೇಷ್ಟ್ರು ಬಂದು ನಾಳೆ ಇಲ್ಲಿ ಅಂತ ಒಂದು ಚುಕ್ಕೆ ಇಡ್ತಾರೆ, ಬೆಳಗ್ಗೆ ಅದರ ಮೇಲೇ ಕೊರೀತಾರೆ. ನನ್ನ ಕೆಲಸ ಆ ಗ್ರೀನಲ್ಲೇ. ಅವರು ಹೋದ್ಮೇಲೆ ಎಣಿಸ್ಕೊಂಡು ಮನೆಗೆ ಹೋಗಿ ಹೇಳ್ತಿದ್ದೆ. ಇವರು ಬರ್ಕೊಳ್ತಿದ್ರು. ಅಷ್ಟೇ."

"ಆಳುಗಳಿಗೆಲ್ಲ ಗೊತ್ತಾ ಚುಕ್ಕೆ ವಿಷಯ?"

"ಕೆಲಸದವರಿಗೆ ಗೊತ್ತು. ಆಡೋರಿಗೆ, ಕ್ಯಾಡಿಗಳಿಗೆ ಹೇಳೋ ಹಾಗಿಲ್ಲ. ಹೇಳಿದ್ರೆ ಗಂಡ ಹೆಂಡ್ತಿ ಇಬ್ಬರಿಗೂ ಗೇಟಾಚೆ ದಾರಿ."

ನಾನು ತಲೆಯ ಮೇಲೆ ಕೈ ಹೊತ್ತು ಕಟ್ಟೆಯ ಮೇಲೆ ಕೂತೆ. ಆ ಅರ್ಧ ಗಂಟೆ ನನ್ನ ಕಣ್ಣೆದುರೇ ಕರಗಿಹೋಯಿತು. ಅಂಕಿ ಹಿಂದಿನ ಸಂಜೆಯದು. ಮನೆಯಲ್ಲಿ ಕೂತು ಬರೆದದ್ದು. ಅದರಿಂದ ಭಾವ ಎಲ್ಲಿದ್ದರು ಎಂಬುದಕ್ಕೆ ಕೂದಲೆಳೆಯಷ್ಟು ಆಧಾರವೂ ಸಿಗುವುದಿಲ್ಲ. ಇದನ್ನೇ ಹಿಡಿದುಕೊಂಡು ಮೂರು ದಿನ ವಕೀಲರಿಗೆ ಧೈರ್ಯ ಹೇಳಿದ್ದೆ ನಾನು, ದೊಡ್ಡ ಪತ್ತೇದಾರ!

"ಅಕ್ಕ, ನಾಳೆ ಎದುರು ವಕೀಲ ಒಬ್ಬ ಆಳನ್ನ ನಿಲ್ಲಿಸಿ ಚುಕ್ಕೆ ಬಗ್ಗೆ ಕೇಳಿದ್ರೆ ಮುಗೀತು. ಭಾವ ಸುಳ್ಳು ಹೇಳಿದ್ದು ಅಂತ ಆಗುತ್ತೆ. ಸುಳ್ಳು ಹೇಳಿದವನು ಕೊಂದೇ ಇರ್ತಾನೆ ಅಂತಾರೆ."

"ಅವರು ಕೊಂದಿಲ್ಲ."

"ಹಾಗಾದ್ರೆ ಅವತ್ತು ಆರೂಕಾಲಿಗೆ ಎಲ್ಲಿದ್ರು?"

"ಮನೇಲಿ. ಮಂಡಿಗೆ ಬಿಸಿನೀರಿನ ಚೀಲ ಇಟ್ಕೊಂಡು ಮಲಗಿದ್ರು."

"ಅದನ್ನೇ ಹೇಳಬಹುದಿತ್ತಲ್ಲ!" ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ನಿಜ ಅಲ್ವಾ? ಮನೇಲಿದ್ದೆ ಅನ್ನೋದು ಬಿಟ್ಟು ಈ ಹದಿನೇಳರ ಕತೆ ಯಾಕೆ ಕಟ್ಟಿದ್ರು?"

ಅಕ್ಕ ಮಂಡಿಪಟ್ಟಿಯನ್ನು ಹಿಂಡಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.

ನನಗೆ ತಾನಾಗಿ ಹೊಳೆಯುವವರೆಗೆ ಅವಳು ಕಾದಳು ಎಂದು ಈಗ ಅನ್ನಿಸುತ್ತದೆ. ಮನೆಯಲ್ಲಿದ್ದೆ ಎಂದರೆ ಪೊಲೀಸರ ಮುಂದಿನ ಪ್ರಶ್ನೆ ಒಂದೇ: ಯಾರು ನೋಡಿದ್ದು? ಹೆಂಡತಿ. ಹೆಂಡತಿಯನ್ನು ಕರೆಸಿ. ಹೆಂಡತಿ ಆ ಹೊತ್ತಿಗೆ ಮನೆಯಲ್ಲಿದ್ದಳೇ?

"ನೀನು ಮನೇಲಿರ್ಲಿಲ್ಲ" ಎಂದೆ.

"ಇರ್ಲಿಲ್ಲ."

"ಹೆಂಗಸರ ಕೆಲಸ ಶುರುವಾಗೋದು ಏಳಕ್ಕೆ. ಅಷ್ಟು ಬೇಗ ಯಾಕೆ ಬಂದೆ?"

"ಹಿಂದಿನ ಸಂಜೆ ಎಣಿಸೋವಾಗ ಮೇಷ್ಟ್ರು ವಾಪಸು ಬಂದ್ಬಿಟ್ರು. ಕನ್ನಡಕ ಮರೆತು ಹೋಗಿದ್ರಂತೆ. ನನ್ನ ನೋಡಿ ನಿಂತ್ಕೊಂಡ್ರು. ಎಷ್ಟು ದಿನದಿಂದ ನಡೀತಿದೆ ಇದು ಅಂದ್ರು. ಕಾಲು ಹಿಡ್ಕೊಂಡೆ ಕಣೋ. ನಾಳೆ ಪಂದ್ಯ ಮುಗೀಲಿ, ಕಮಿಟಿ ಮುಂದೆ ಹೇಳ್ತೀನಿ ಅಂತ ಹೊರಟುಹೋದ್ರು. ಆಮೇಲೆ ಎಣಿಸಿದೆ. ತಲೆ ನೆಟ್ಟಗಿರ್ಲಿಲ್ಲ, ನಿಂತ ಕಡೆಯಿಂದಲೇ, ನನ್ನ ಹೆಜ್ಜೇಲೇ ಎಣಿಸಿಬಿಟ್ಟಿದ್ದೀನಿ."

"ಬೆಳಗ್ಗೆ ಮತ್ತೆ ಬೇಡ್ಕೊಳ್ಳೋಕೆ ಬಂದೆ."

"ಹ್ಞೂಂ. ಅವರ ಟವೆಲ್ ತಲೆಗೆ ಕಟ್ಕೊಂಡು ಬಂದೆ. ಮಂಜು ಬೀಳ್ತಿತ್ತು."

ಟವೆಲ್. ಮೂರು ದಿನ ಆ ಟವೆಲ್ಲಿನ ಸುತ್ತ ನಾನು ಗಾಣದೆತ್ತಿನ ಹಾಗೆ ತಿರುಗಿದ್ದೆ. ಯಾರು ಕದ್ದಿರಬಹುದು, ಯಾರು ತಂದು ಹಾಕಿರಬಹುದು ಎಂದು ಒಂಬತ್ತು ಜನ ಕ್ಯಾಡಿಗಳನ್ನು ಕೂರಿಸಿ ಕೇಳಿದ್ದೆ. ಅಕ್ಕನನ್ನು ಕೇಳಲಿಲ್ಲ. ಅವಳು ಮಾಡಿ ಬಡಿಸಿದ್ದನ್ನು ಉಂಡು, ಅವಳ ಎದುರೇ ಕೂತು ಬೇರೆಯವರ ಮೇಲೆ ಅನುಮಾನ ಪಟ್ಟೆ.

"ಭಾವನಿಗೆ ಗೊತ್ತಾ?"

"ಟವೆಲ್ ಅಲ್ಲಿ ಸಿಕ್ತು ಅಂದಾಗಲೇ ಅವರಿಗೆ ಗೊತ್ತಾಯ್ತು. ಪೊಲೀಸರು ಬಾಗಿಲಲ್ಲಿದ್ರು. ನನ್ನ ಕಡೆ ಒಂದ್ಸಲ ನೋಡಿದ್ರು, ಹದಿನೇಳರಲ್ಲಿದ್ದೆ ಅಂದ್ಬಿಟ್ರು. ನಾನು ಏನಾದ್ರೂ ಹೇಳೋಣ ಅಂದ್ರೆ ಸುಮ್ನಿರು ಅಂತ ಕಣ್ಣಲ್ಲೇ ಅಂದ್ರು."

ಹೊರಗೆ ಮೈದಾನದ ನೀರಿನ ಕಾರಂಜಿಗಳು ಒಂದೊಂದಾಗಿ ಏಳತೊಡಗಿದವು. ಪಂಪ್ ಮನೆಯ ಯಂತ್ರ ಮತ್ತೆ ಓಡುತ್ತಿತ್ತು. ಯಾರೋ ಹೊಸ ಮೇಷ್ಟ್ರು ಬಂದಿರಬೇಕು.

ನನ್ನ ಜೇಬಿನಲ್ಲಿ ಫೋನು ನಡುಗಿತು. ವಕೀಲರು. "ಅಳತೆ ಆಯ್ತಾ? ಇಪ್ಪತ್ತನಾಲ್ಕು ಸರಿ ಇದೆ ತಾನೆ? ನಾಳೆ ನಿಮ್ಮನ್ನೇ ಮೊದಲು ನಿಲ್ಲಿಸ್ತೀನಿ" ಎಂದರು.

"ಐದು ನಿಮಿಷದಲ್ಲಿ ಹೇಳ್ತೀನಿ" ಎಂದು ಇಟ್ಟುಬಿಟ್ಟೆ. ಐದು ನಿಮಿಷದಲ್ಲಿ ಏನು ಹೇಳುತ್ತೇನೆ? ಸರಿ ಇದೆ ಎಂದರೆ ಕಟಕಟೆಯಲ್ಲಿ ನಿಂತು ಸುಳ್ಳು ಹೇಳಬೇಕು, ಅದೂ ಒಬ್ಬ ಆಳಿನ ಮಾತಿಗೆ ಮುರಿದುಬೀಳುವ ಸುಳ್ಳು. ಸರಿ ಇಲ್ಲ ಎಂದರೆ ಭಾವ ಹೋದರು. ಭಾವನನ್ನು ಉಳಿಸುವ ನಿಜ ಒಂದಿದೆ, ಅದು ನನ್ನ ಮುಂದೆ ಬಕೆಟ್ಟಿಟ್ಟುಕೊಂಡು ಕೂತಿದೆ. ಅಳಬೇಕೆನ್ನಿಸಿತು. ಅಕ್ಕನ ಎದುರು ಅತ್ತು ಎಷ್ಟೋ ವರ್ಷವಾಗಿತ್ತು.

ಆದರೂ ಒಂದು ಆಸೆ ಹಿಡಿದುಕೊಂಡೆ. ಹದಿನೇಳರಿಂದ ಪಂಪ್ ಮನೆಗೆ ಮುಕ್ಕಾಲು ಗಂಟೆ ದಾರಿ. ಅಕ್ಕನ ಹೆಜ್ಜೆಗೆ ಇನ್ನೂ ಹೆಚ್ಚು.

"ನೀನು ಅವರ ಹತ್ರ ಮಾತಾಡಿದ್ದು ಹದಿನೇಳರಲ್ಲೇ ಅಲ್ವಾ? ಅವರು ಹೊರಟುಹೋದ್ರು, ನೀನು ಇಲ್ಲೇ ಉಳಿದೆ. ಟವೆಲ್ ಗಾಡೀಲಿ ಸಿಕ್ಕಿಕೊಂಡು ಹ್ಯಾಗೋ ಅಲ್ಲಿಗೆ ಹೋಗಿರುತ್ತೆ. ಹಾಗೇ ತಾನೆ? ಹೌದು ಅನ್ನು ಅಕ್ಕ."

ಅವಳು ನನ್ನನ್ನೇ ನೋಡಿದಳು. ಚಿಕ್ಕಂದಿನಲ್ಲಿ ನಾನು ಬಿದ್ದು ಮಂಡಿ ಒಡೆದುಕೊಂಡು ಬಂದಾಗ ನೋಡುತ್ತಿದ್ದಳಲ್ಲ, ಹಾಗೆ.

"ಗಾಡಿ ಹತ್ತಿದೆ ಕಣೋ. ದಾರಿ ಉದ್ದಕ್ಕೂ ಬೇಡ್ಕೊಂಡೆ. ಪಂಪ್ ಮನೆ ಹತ್ರ ಇಳಿದ್ರು, ನಾನು ತೋಳು ಹಿಡ್ಕೊಂಡೆ, ಕೊಡವಿದ್ರು. ಮೆಟ್ಟಿಲು ಪಾಚಿ ಕಟ್ಟಿತ್ತು. ಹಿಂದಕ್ಕೆ ಬಿದ್ದು ತಲೆ ತಗುಲ್ತು."

"ಅಂದ್ರೆ ಜಾರಿ ಬಿದ್ದಿದ್ದು! ನೀನು ತಳ್ಳಿಲ್ಲ!" ನಾನು ಎದ್ದು ನಿಂತೇಬಿಟ್ಟೆ. "ಬಿದ್ದು ತೊಟ್ಟಿಗೆ ಉರುಳಿದ್ರು. ಅಷ್ಟೇ ತಾನೆ ಅಕ್ಕ? ಇದನ್ನೇ ಹೇಳೋಣ, ಈಗಲೇ ಹೇಳೋಣ..."

"ತೊಟ್ಟಿಗಲ್ಲ" ಎಂದಳು ಅಕ್ಕ. "ಮೆಟ್ಟಿಲ ಮೇಲೇ ಬಿದ್ದಿದ್ರು. ನಾನು ಹೆದರಿ ಓಡಿಬರೋವಾಗ ಉಸಿರಾಡ್ತಾ ಇದ್ರು, ಆದ್ರೆ ತಾವಾಗಿ ಏಳೋ ಹಾಗಿರ್ಲಿಲ್ಲ. ತೊಟ್ಟಿ ಅಲ್ಲಿಂದ ಹತ್ತು ಹೆಜ್ಜೆ ಆಚೆ ಇದೆ ಕಣೋ."